ಅಟ್ಟದ ಮ್ಯಾಲಿನ ಲ್ಯಾಪ್‌ಟಾಪ್ ಹುಡುಗಿಗೆ ಕೊಡ್ರಿ

ಹಳೇ ಸೀರಿ ಒಗ್ಯೂದಿಲ್ಲ ನಾವು, ಕೌದಿ ಹೊಲಿತೀವಿ. ಆದ್ರ ಲ್ಯಾಪ್‌ಟಾಪ್ ನಿಧಾನ ಆತಂದ್ರ ಅಟ್ಟಕ್ಕ ಏರಸ್ತೀವಿ. ಹೊಸಾದು ಬಂದ್ರ ಅದು ಮದಲ ಮಗನ ಕೈಗೆ. ಮಗಳಿಗೆ ಮೊಬೈಲ್ ಸಾಕು ಅಂತಾರ. ಬೈಲಹೊಂಗಲಕ್ಕೋ ಸವದತ್ತಿಗೋ ಬಸ್ಸಿನ್ಯಾಗ ಕಾಲೇಜಿಗೆ ಹೋಗಿ ಬಂದ ಹುಡುಗಿ ಅಷ್ಟುದ್ದ ಪ್ರಾಜೆಕ್ಟ್ ಮೊಬೈಲಿನ್ಯಾಗ ಹೆಂಗ ಬರೀಬೇಕ್ರಿ? ಅಟ್ಟದ ಮ್ಯಾಲಿಂದ ಇಳಸ್ರಿ ಅಂತೀನಿ ನಾನು.

ಹಳೇ ಲ್ಯಾಪ್‌ಟಾಪಿನ್ಯಾಗ ಬಹಳ ಮಾಡಿ ತಿರುಗೂ ಹಾರ್ಡ್ ಡಿಸ್ಕ್ ಇರತೈತಿ. ಬೀಸೂಕಲ್ಲಿನಂಗ ಅದು ತಿರುಗಿ ಹುಡುಕಿ ಕೊಡೂತನಕಾ ಕಾಯಬೇಕು. ಎಸ್‌ಎಸ್‌ಡಿಯೊಳಗ ತಿರುಗೂದು ಏನೂ ಇಲ್ಲ. ಮೊಬೈಲಿನ ಮೆಮೊರಿ ಕಾರ್ಡಿನಂಗ ಚಿಪ್ಪಿನ್ಯಾಗ ಇಟ್ಟಿರತೈತಿ. ಅದೊಂದು ಬದಲಿಸಿದ್ರನ ಮಷಿನ್‌ಗೆ ಹುರುಪು ಬರತೈತಿ.

ವಿಂಡೋಸ್ 10ಕ್ಕ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗದೈತಿ. ವಿಂಡೋಸ್ 11 ಹಳೇ ಮಷಿನ್ ಭಾಳಷ್ಟಕ್ಕ ಹೊಂದೂದಿಲ್ಲ. ಅದಕ್ಕ ಲಿನಕ್ಸ್ ಮಿಂಟ್ ಹಾಕಸ್ರಿ. ತಂತ್ರಾಂಶಕ್ಕ ರೊಕ್ಕಿಲ್ಲ, 4 ಜಿಬಿ ರ‍್ಯಾಮ್ ಇದ್ರ ನಡೀತೈತಿ. ಬರಿಯಾಕ ಲಿಬ್ರೆಆಫೀಸ್, ಇಂಟರ್ನೆಟ್ ನೋಡಾಕ ಫೈರ್‌ಫಾಕ್ಸ್ ಅದರ ಕೂಡನ ಬರತಾವು. ಕನ್ನಡಾನೂ ಟೈಪ್ ಮಾಡಬಹುದು.

ಎಲ್ಲಾರಿಗೂ ಇದು ಸರಿ ಅನ್ನೂದಿಲ್ಲ. ಟ್ಯಾಲಿ ಕಲಿಯೂ ಹುಡುಗಿಗೆ ವಿಂಡೋಸೇ ಬೇಕು. ಬ್ಯಾಟರಿ ಉಬ್ಬಿದ್ರ ಚಾರ್ಜಿಗೆ ಹಚ್ಚಬ್ಯಾಡ್ರಿ, ಮದಲ ಅದನ್ನ ತಗಸ್ರಿ. ರಿಪೇರಿಗೆ ಕೊಡೂಕಿಂತ ಮುಂಚೆ ಫೋಟೋ, ಕಾಗದಪತ್ರ ಎಲ್ಲಾ ಬ್ಯಾರೆ ಕಡೆ ಇಳಿಸಿ ಇಟ್ಕೋರಿ.

ಆಮ್ಯಾಲ ಒಂದು ಮಾತು ಮನ್ಯಾಗ ಗಟ್ಟಿ ಹೇಳ್ರಿ: ಇದು ಹುಡುಗೀದು, ಅಕೀನ್ನ ಕೇಳಿ ಮುಟ್ಟಬೇಕು.