ತಟ್ಟೆಯಲ್ಲಿ ಸತ್ತ ಕ್ಯಾನ್ಸರ್

ಹಲ್ಲು ಕೀಳುವ ಮುಂಚೆ ಒಸಡಿಗೆ ಚುಚ್ಚುತ್ತಾರಲ್ಲ, ಆ ಮರಗಟ್ಟಿಸುವ ಇಂಜೆಕ್ಷನ್ ಲಿಗ್ನೋಕೇನ್, ದೊಡ್ಡ ಕರುಳಿನ ಕ್ಯಾನ್ಸರನ್ನು ಕೊಲ್ಲುತ್ತದಂತೆ! ಇಂಥದ್ದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕೊಂದಿದ್ದು ನಿಜ. ಆದರೆ ಎಲ್ಲಿ? ಲ್ಯಾಬಿನ ತಟ್ಟೆಯಲ್ಲಿ ಸ್ವಾಮಿ, ಮನುಷ್ಯರ ಹೊಟ್ಟೆಯಲ್ಲಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ತಟ್ಟೆಯಲ್ಲಿ ಕೋಶಗಳನ್ನು ಸಾಯಿಸಲು ಸಾಮಾನ್ಯವಾಗಿ ಬೇಕಾಗುವುದು ಮಿಲಿಮೋಲಾರ್ ಮಟ್ಟದ ಔಷಧ. 1 ಮಿಲಿಮೋಲಾರ್ ಅಂದರೆ ಒಂದು ಮಿಲಿಲೀಟರಿಗೆ ಸುಮಾರು 234 ಮೈಕ್ರೋಗ್ರಾಂ. ನಮ್ಮ ರಕ್ತದಲ್ಲಿ ಅದು 5 ಮೈಕ್ರೋಗ್ರಾಂ ದಾಟಿದರೇ ಅಪಾಯ ಶುರು. ನಾಲಿಗೆ ಜೋಮು ಹಿಡಿಯುತ್ತದೆ, ಕಿವಿ ಗುಂಯ್ ಅನ್ನುತ್ತದೆ, ಇನ್ನೂ ಏರಿದರೆ ಫಿಟ್ಸ್, ಆಮೇಲೆ ಹೃದಯಕ್ಕೇ ಸಂಚಕಾರ. ಕ್ಯಾನ್ಸರ್ ಸಾಯುವ ಮೊದಲು ರೋಗಿಯೇ ಹೋಗಿರುತ್ತಾನೆ!

ಹಾಗಂತ ಎಲ್ಲಾ ಬೊಗಳೆ ಅಂತ ತಳ್ಳಿಹಾಕುವವರ ಜೊತೆಗೂ ನನ್ನ ಜಗಳವಿದೆ. ನರಗಳಲ್ಲಿ ಸೋಡಿಯಂ ಒಳಬರುವ ಬಾಗಿಲು ಮುಚ್ಚಿ ನೋವು ತಡೆಯುವುದು ಈ ಔಷಧದ ಕೆಲಸ. ಕರುಳಿನ ಕ್ಯಾನ್ಸರ್ ಕೋಶಗಳಲ್ಲೂ ಅಂಥ ಬಾಗಿಲುಗಳಿವೆ, ಅಕ್ಕಪಕ್ಕಕ್ಕೆ ನುಗ್ಗಲು ಕೋಶಗಳಿಗೆ ಅವು ನೆರವಾಗುತ್ತವೆ ಅಂತ ಲ್ಯಾಬಿನಲ್ಲಿ ಕಂಡಿದೆ. ಅಂದರೆ ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ತಟ್ಟೆಯಿಂದ ಬರುವುದಿಲ್ಲ, ರೋಗಿಗಳ ಮೇಲೆ ಕ್ರಮಬದ್ಧವಾಗಿ ನಡೆಸಿದ ಟ್ರಯಲ್‌ನಿಂದ ಬರಬೇಕು.

ಅದು ನಮ್ಮ ದೇಶದಲ್ಲೇ ಸಾಧ್ಯ ಅಂತ ಮುಂಬಯಿಯ ಟಾಟಾ ಮೆಮೋರಿಯಲ್‌ನವರು ತೋರಿಸಿದ್ದಾರೆ. ಸ್ತನ ಕ್ಯಾನ್ಸರಿನ ಸುಮಾರು 1,600 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಆಪರೇಷನ್ನಿಗೆ ಸ್ವಲ್ಪ ಮುಂಚೆ ಗೆಡ್ಡೆಯ ಸುತ್ತ ಇದೇ ಇಂಜೆಕ್ಷನ್ ಕೊಟ್ಟರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. 5 ವರ್ಷದ ನಂತರ ಬದುಕಿದ್ದವರ ಪ್ರಮಾಣ ಇಂಜೆಕ್ಷನ್ ಪಡೆದವರಲ್ಲಿ ಶೇ. 90.1, ಪಡೆಯದವರಲ್ಲಿ ಶೇ. 86.4. ಆದರೆ ಅದು ಸ್ತನದ ಮಾತು. ಅದನ್ನೇ ಎತ್ತಿ ಕರುಳಿಗೆ ಅಂಟಿಸಬೇಡಿ!

ಈ ಔಷಧ ಮಾರುಕಟ್ಟೆಗೆ ಬಂದಿದ್ದು 1948ರಲ್ಲಿ. ಪೇಟೆಂಟ್ ಮುಗಿದು ಯಾವ ಕಾಲವಾಯಿತೋ. ಇಷ್ಟು ಅಗ್ಗದ ಇಂಜೆಕ್ಷನ್ನಿಗಾಗಿ ಯಾವ ಕಂಪನಿ ಕೋಟಿಗಟ್ಟಲೆ ಸುರಿಯುತ್ತದೆ ಹೇಳಿ? ಕರುಳಿನ ಕ್ಯಾನ್ಸರಿಗೂ ಇಲ್ಲಿ ಇಂಥದ್ದೇ ದೊಡ್ಡ ಟ್ರಯಲ್ ಆಗಬೇಕು, ಅದೂ ಸರ್ಕಾರದ ದುಡ್ಡಿನಲ್ಲಿ. ನಮ್ಮ ತೆರಿಗೆ ಮತ್ಯಾಕೆ ಇರೋದು?

ಅಲ್ಲಿಯವರೆಗೆ, ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನಿಸದೆ ಡಾಕ್ಟರಿಗೆ ತೋರಿಸಿ. ಆಪರೇಷನ್ ಬೇಕು ಅಂದರೆ ಪವಾಡದ ಇಂಜೆಕ್ಷನ್ನಿಗೆ ಕಾಯುತ್ತಾ ಮುಂದಕ್ಕೆ ಹಾಕಬೇಡಿ. ತಟ್ಟೆ ಕಾಯುತ್ತದೆ, ಗೆಡ್ಡೆ ಕಾಯುವುದಿಲ್ಲ.