ಹಕ್ಕಿಗಳು ತಾವಾಗಿ ಸಾಯುತ್ತಿಲ್ಲ

2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದ ದಂಡೆಯಲ್ಲಿ ಗುಂಡಿ ತೋಡಿ ಹೂತ ಹಕ್ಕಿಗಳ ಲೆಕ್ಕ 18,000 ದಾಟಿತು. ಅದು ಕೈಗೆ ಸಿಕ್ಕ ಹೆಣಗಳ ಲೆಕ್ಕ ಮಾತ್ರ. ಕೆಸರಲ್ಲಿ ಹುದುಗಿದ್ದು, ನಾಯಿ ಎಳೆದೊಯ್ದದ್ದು, ನೀರಿನ ನಡುವೆಯೇ ಕೊಳೆತು ಕರಗಿದ್ದು ಯಾರ ದಫ್ತರಕ್ಕೂ ಸೇರಲಿಲ್ಲ. ದೇಶದ ಅತಿ ದೊಡ್ಡ ಒಳನಾಡಿನ ಉಪ್ಪುನೀರಿನ ಸರೋವರ ಅದು. 1990ರಲ್ಲೇ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿಸಿ, ಜಗತ್ತಿನ ಮುಂದೆ ‘ಕಾಪಾಡುತ್ತೇವೆ’ ಎಂದು ಮಾತು ಕೊಟ್ಟ ಜಾಗ. ರಾಜಧಾನಿ ಜೈಪುರದಿಂದ ಅಲ್ಲಿಗೆ ಹೆಚ್ಚೆಂದರೆ ಎಂಬತ್ತು ಕಿಲೋಮೀಟರ್. ಉತ್ತರದ ಹಿಮದ ನಾಡುಗಳಿಂದ ಸಾವಿರಾರು ಕಿಲೋಮೀಟರ್ ಹಾರಿಬಂದ ಬಾತುಗಳು, ಮೆಟ್ಟುಗಾಲು ಹಕ್ಕಿಗಳು, ಆವೊಸೆಟ್‌ಗಳು ಚಳಿಗಾಲ ಕಳೆಯಲೆಂದು ಅಲ್ಲಿ ಇಳಿದಿದ್ದವು.

ಮೊದಲ ವಾರವೆಲ್ಲ ಒಂದೇ ಪಲ್ಲವಿ: ನಿಗೂಢ ಸಾವು. ಆಲಿಕಲ್ಲು ಮಳೆ ಇರಬಹುದು, ಉಪ್ಪು ಹೆಚ್ಚಾಗಿರಬಹುದು, ಹಕ್ಕಿಜ್ವರ ಇರಬಹುದು ಎಂದು ಬಾಯಿಗೆ ಬಂದಂತೆ ಹೇಳಿದರು. ಹಕ್ಕಿಜ್ವರ ಅಲ್ಲ ಎಂದು ಭೋಪಾಲದ ಪ್ರಯೋಗಾಲಯ ಹೇಳಿತು. ಕೊನೆಗೆ ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಕಾರಣ ಹೇಳಿತು: ಬಾಟುಲಿಸಂ. ಕೆಸರಿನಲ್ಲಿ ಸದಾ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯ ಉಗುಳುವ ವಿಷ.

ಈ ಸಾವು ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮೊದಲು ಕಾಲು ಸೋಲುತ್ತದೆ. ಹಕ್ಕಿ ಎದ್ದು ನಿಲ್ಲಲಾಗದೆ ರೆಕ್ಕೆಯನ್ನೇ ಹುಟ್ಟಿನಂತೆ ಬಡಿದುಕೊಂಡು ದಡದತ್ತ ತೆವಳುತ್ತದೆ. ಆಮೇಲೆ ರೆಕ್ಕೆ ಸೋಲುತ್ತದೆ. ಕೊನೆಗೆ ಕತ್ತು. ತಲೆ ಎತ್ತಲು ಆಗುವುದಿಲ್ಲ. ನೀರಿನಲ್ಲಿದ್ದ ಹಕ್ಕಿ, ಇನ್ನೂ ಜೀವ ಇರುವಾಗಲೇ, ತನ್ನದೇ ತಲೆಯ ಭಾರಕ್ಕೆ ಮುಖ ಮುಳುಗಿ ಉಸಿರು ಕಟ್ಟಿ ಸಾಯುತ್ತದೆ. ಗೇಣುದ್ದ ನೀರು ಸಾಕು. ಸತ್ತ ಹಕ್ಕಿಯ ಮೈಯಲ್ಲಿ ನೊಣ ಮೊಟ್ಟೆ ಇಡುತ್ತದೆ, ಹುಳ ಆಗುತ್ತದೆ. ವಿಷ ಹುಳವನ್ನು ಕೊಲ್ಲುವುದಿಲ್ಲ, ಅದರೊಳಗೆ ತುಂಬಿಕೊಂಡಿರುತ್ತದೆ. ಆ ಹುಳಗಳನ್ನು ಹೆಕ್ಕಿ ತಿಂದ ಇನ್ನೊಂದು ಹಕ್ಕಿ ಸಾಯುತ್ತದೆ, ಅದರ ಮೈಯಲ್ಲಿ ಮತ್ತೆ ಹುಳ. ಒಂದು ಹೆಣ ಹತ್ತಕ್ಕೆ ದಾರಿ ಮಾಡುತ್ತದೆ, ಹತ್ತು ನೂರಕ್ಕೆ.

ಅಂದರೆ ಹೆಣ ಎತ್ತುವುದೇ ಇದಕ್ಕೆ ಮದ್ದು. ಬಿದ್ದ ದಿನವೇ ಎತ್ತಿ ಸುಡಬೇಕು, ಇಲ್ಲವೇ ಆಳವಾಗಿ ಹೂಳಬೇಕು. ಇದು ಹೊಸ ವಿದ್ಯೆಯಲ್ಲ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಸುತ್ತ ಬಾತುಗಳು ರಾಶಿಗಟ್ಟಲೆ ಸಾಯುತ್ತಿದ್ದಾಗ, ಅದು ಇದೇ ವಿಷ ಎಂದು ವಿಜ್ಞಾನಿಗಳು 1930ರಲ್ಲಿ ಪತ್ತೆ ಹಚ್ಚಿದರು. ಅದು ಗೊತ್ತಾಗಿ ತೊಂಬತ್ತು ವರ್ಷವಾಗುತ್ತ ಬಂದಿದ್ದ ಹೊತ್ತಿಗೆ ಸಾಂಭರ್‌ನ ದಂಡೆಯಲ್ಲಿ ಹೆಣಗಳು ಬಿಸಿಲಿಗೆ ಬಿದ್ದಿದ್ದವು. ಸರೋವರ ಮೂರು ಜಿಲ್ಲೆಗಳಿಗೆ ಹಂಚಿಹೋಗಿದೆ, ಅರಣ್ಯದವರು ಬೇರೆ, ಪಶುಸಂಗೋಪನೆಯವರು ಬೇರೆ, ಉಪ್ಪಿನವರು ಬೇರೆ. ಎಲ್ಲರದ್ದೂ ಆದ ಕೆರೆ ಯಾರದ್ದೂ ಅಲ್ಲ. ರಾಜಸ್ಥಾನ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ಸರ್ಕಾರವನ್ನು ಪ್ರಶ್ನಿಸಬೇಕಾಯಿತು. ಬ್ಯಾಕ್ಟೀರಿಯ ಪ್ರಕೃತಿಯದ್ದೇ ಇರಬಹುದು, ಮೊದಲ ಕೆಲವು ಸಾವುಗಳೂ ಪ್ರಕೃತಿಯವೇ ಇರಬಹುದು. ಆದರೆ ಅದು 18,000 ಆಗಲು ಬಿಟ್ಟವರು ಮನುಷ್ಯರು, ಸಂಬಳ ತೆಗೆದುಕೊಳ್ಳುವ ಮನುಷ್ಯರು.

ಆ ಸರೋವರದ ನೀರನ್ನೇ ವರ್ಷಗಟ್ಟಲೆ ಕದ್ದರು. ಅದಕ್ಕೆ ನೀರು ತರುವ ಹೊಳೆಗಳಿಗೆ ಅಡ್ಡಗಟ್ಟೆ, ಅಂಗಳದ ತುಂಬ ಅಕ್ರಮ ಬೋರ್‌ವೆಲ್, ಮೈಲಿಗಟ್ಟಲೆ ಪೈಪು, ಅಕ್ರಮ ಉಪ್ಪಿನ ಪಾತಿ. ಬಡಕಲಾದ ಕೆರೆಗೆ ಆ ವರ್ಷ ಒಮ್ಮೆಲೇ ಒಳ್ಳೆಯ ಮಳೆ ಬಂತು, ಬಹಳ ವರ್ಷಗಳ ನಂತರ ಒಣ ಅಂಗಳದ ಮೇಲೆ ನೀರು ಹರಡಿತು. ರೋಗ ಹುಟ್ಟಿದ್ದು ಆ ಏರುಪೇರಿನಲ್ಲಿ. 2024ರ ಚಳಿಗಾಲದ ಮುಂಚೆ ಅದೇ ಸಾಂಭರ್‌ನಲ್ಲಿ ಮತ್ತೆ ನೂರಾರು ಹಕ್ಕಿಗಳು ಅದೇ ಕಾಯಿಲೆಯಿಂದ ಸತ್ತವು. ಎರಡನೇ ಸಲಕ್ಕೆ ನಿಗೂಢ ಎನ್ನುವ ಬಾಯಿ ಯಾರಿಗೂ ಇರಬಾರದಿತ್ತು.

ಇನ್ನೊಂದು ಸುಲಭದ ಉತ್ತರ ಹಕ್ಕಿಜ್ವರ. ಆ ಮಾತು ಬಂದೊಡನೆ ಆರೋಪಿ ಹಕ್ಕಿಯೇ ಆಗುತ್ತದೆ: ವಲಸೆ ಹಕ್ಕಿ ರೋಗ ತಂತು! ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇವತ್ತು ಜಗತ್ತನ್ನು ಸುತ್ತುತ್ತಿರುವ ಎಚ್5ಎನ್1 ವಂಶ ಮೊದಲು ಸಿಕ್ಕಿದ್ದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ, ಮನುಷ್ಯ ಸಾಕಿದ ಹೆಬ್ಬಾತುಗಳ ಮೈಯಲ್ಲಿ. ಉಸಿರಾಡಲು ಜಾಗವಿಲ್ಲದಂತೆ ಒತ್ತೊತ್ತಾಗಿ ತುಂಬಿದ ಕೋಳಿ ಫಾರಂಗಳಲ್ಲಿ, ಜೀವಂತ ಹಕ್ಕಿ ಮಾರುವ ಸಂತೆಗಳಲ್ಲಿ ಅದು ಬೆಳೆದು ಬಲಿತು ಕಾಡುಹಕ್ಕಿಗೆ ದಾಟಿತು. 2020ರ ಡಿಸೆಂಬರ್ ಕೊನೆಯಿಂದ ಹಿಮಾಚಲದ ಪೌಂಗ್ ಜಲಾಶಯದಲ್ಲಿ ಸಾವಿರಾರು ಹಕ್ಕಿಗಳು ಸತ್ತವು, ಬಹುಪಾಲು ಪಟ್ಟೆತಲೆ ಹೆಬ್ಬಾತುಗಳು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುವುದೂ ಇದೇ ಜಾತಿ. ರಾತ್ರಿ ಹೊಲಗಳಲ್ಲಿ ಮೇಯ್ದು ಹಗಲು ಕೆರೆಯಲ್ಲಿ ತೇಲುತ್ತ ಇರುವ ಆ ಹಕ್ಕಿಯನ್ನು ರೋಗದ ಮೂಟೆ ಎಂದು ಬೈಯುವ ಮುಂಚೆ, ರೋಗವನ್ನು ಸಾಕಿದವರು ಯಾರು ಎಂದು ಕೇಳಬೇಕು.

ರಣಹದ್ದಿನ ಕತೆಯಂತೂ ನಮ್ಮ ದೇಶ ಮಾಡಿಕೊಂಡ ಅತಿ ದೊಡ್ಡ ಕೊಲೆ. 1992ರಿಂದ 2007ರ ಒಳಗೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99ಕ್ಕೂ ಹೆಚ್ಚು ನಾಶವಾಯಿತು. ವರ್ಷಗಟ್ಟಲೆ ಅದೂ ನಿಗೂಢವೇ ಆಗಿತ್ತು, ಯಾವುದೋ ವೈರಸ್ ಎಂದರು. ಹದ್ದುಗಳು ಮರದ ಮೇಲೆ ಕತ್ತು ಇಳಿಬಿಟ್ಟು ದಿನಗಟ್ಟಲೆ ಕೂತು, ಒಂದು ಹೊತ್ತಿನಲ್ಲಿ ಕೆಳಗೆ ಬೀಳುತ್ತಿದ್ದವು. ಕೊಯ್ದು ನೋಡಿದರೆ ಒಳಗೆ ಯಕೃತ್ತು, ಹೃದಯ, ಮೂತ್ರಪಿಂಡದ ಮೇಲೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿನ ಪದರ. ಮೂತ್ರಪಿಂಡ ನಿಂತುಹೋಗಿ, ಹೊರಹೋಗಬೇಕಾದ ಯೂರಿಕ್ ಆಮ್ಲ ಒಳಗೇ ಹರಳುಗಟ್ಟಿತ್ತು. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಅವರ ಜೊತೆಗಾರರು ಕಾರಣ ಹೇಳಿದರು: ಡೈಕ್ಲೊಫೆನಾಕ್. ಕುಂಟುವ ಎತ್ತಿಗೆ, ಜ್ವರ ಬಂದ ಹಸುವಿಗೆ ಹಳ್ಳಿ ಹಳ್ಳಿಯಲ್ಲಿ ಚುಚ್ಚುತ್ತಿದ್ದ ಅಗ್ಗದ ನೋವಿನ ಔಷಧಿ. ಆ ದನ ಸತ್ತರೆ ಅದರ ಮಾಂಸ ತಿಂದ ಹದ್ದಿಗೂ ಸಾವು. ನೂರು ದನದ ಹೆಣಗಳಲ್ಲಿ ಒಂದರಲ್ಲಿ ಔಷಧಿ ಉಳಿದಿದ್ದರೂ ಸಾಕಿತ್ತು, ಒಂದು ಹೆಣಕ್ಕೆ ಇಡೀ ಹಿಂಡು ಎರಗುತ್ತಿತ್ತು.

ಕಾರಣ ಗೊತ್ತಾದ ಮೇಲೆ ಏನಾಯಿತು ಎಂಬುದೇ ನನ್ನ ಸಿಟ್ಟಿಗೆ ಮೂಲ. 2006ರಲ್ಲಿ ದನಗಳಿಗೆ ಆ ಔಷಧಿ ನಿಷೇಧವಾಯಿತು. ಆದರೆ ಮನುಷ್ಯರಿಗೆಂದು ಮಾಡಿದ ದೊಡ್ಡ ಬಾಟಲಿಗಳು ಅದೇ ಅಂಗಡಿಯಲ್ಲಿ ಸಿಗುತ್ತಿದ್ದವು, ಹಸುವಿಗೆ ಅವನ್ನೇ ಚುಚ್ಚಿದರು. ಆ ಬಾಟಲಿಯನ್ನು 3 ಮಿಲಿಲೀಟರ್‌ಗೆ ಇಳಿಸಲು 2015ರವರೆಗೆ ಕಾಯಬೇಕಾಯಿತು. ಹಸುವಿನ ಮೈ ಸೇರಿದೊಡನೆ ಡೈಕ್ಲೊಫೆನಾಕ್ ಆಗಿಯೇ ಬದಲಾಗುವ ಅಸಿಕ್ಲೊಫೆನಾಕ್ ಮತ್ತು ಹದ್ದಿಗೆ ಅಷ್ಟೇ ಮಾರಕವಾದ ಕೀಟೊಪ್ರೊಫೆನ್ ನಿಷೇಧವಾದದ್ದು 2023ರಲ್ಲಿ. ನಿಮೆಸುಲೈಡ್ 2024ರ ಕೊನೆಗೆ. ಹದಿನೆಂಟು ವರ್ಷ! ಮೆಲೋಕ್ಸಿಕಾಂ ಎಂಬ, ಹದ್ದಿಗೆ ಅಪಾಯವಿಲ್ಲದ ಔಷಧಿ ಅಷ್ಟೂ ಕಾಲ ಕಣ್ಣೆದುರೇ ಇತ್ತು. ಆ ಹೊತ್ತಿಗೆ ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಧಾಮ ಎಂದು ಘೋಷಿಸಿ ಬೋರ್ಡು ನೆಟ್ಟಾಗಿತ್ತು. ಬಂಡೆಗಳ ಮೇಲೆ ಇದ್ದ ಹದ್ದುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಹಕ್ಕಿ ಹೋದರೆ ಮನುಷ್ಯರಿಗೇನು ಎಂದು ಕೇಳುವವರು ಇನ್ನೂ ಇದ್ದಾರೆ. ಹದ್ದಿಲ್ಲದ ಕಡೆ ದನದ ಹೆಣ ಕೊಳೆಯಿತು, ಬೀದಿನಾಯಿ ಹೆಚ್ಚಿದವು, ನೀರು ಕೆಟ್ಟಿತು. 2000ರಿಂದ 2005ರ ನಡುವೆ ಇದರಿಂದ ಸುಮಾರು ಐದು ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು ಎಂದು ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ.

ಇನ್ನು ಹೊಲದ ಬದುವಿನ ಸಾವು. ಬಿತ್ತನೆಯ ಕಾಲದಲ್ಲಿ ನವಿಲುಗಳು ನಾಲ್ಕೈದು ಒಟ್ಟಿಗೆ ಬಿದ್ದಿರುತ್ತವೆ. ಕೊಕ್ಕಿನ ಸುತ್ತ ನೊರೆ, ಕಾಲ್ಬೆರಳು ಬಿಗಿಯಾಗಿ ಮಡಚಿರುತ್ತದೆ, ಗಂಟಲಿನ ಚೀಲದಲ್ಲಿ ಔಷಧಿ ಸವರಿದ ಬಣ್ಣಬಣ್ಣದ ಕಾಳು ಹಾಗೇ ಇರುತ್ತದೆ. ಬೀಜಕ್ಕೆ ಸವರಿದ್ದು, ಮಣ್ಣಿಗೆ ಎರಚಿದ ಫ್ಯೂರಡಾನ್ ಎಂಬ ಕೀಟನಾಶಕದ ಹರಳು, ಕೆಲವೊಮ್ಮೆ ಬೇಕೆಂದೇ ಕಲಸಿಟ್ಟ ಕಾಳು. ಬೆಳೆ ಕಳೆದುಕೊಂಡ ರೈತನ ಸಂಕಟ ನನಗೆ ಗೊತ್ತು, ನನ್ನ ಸಿಟ್ಟು ಅವನ ಮೇಲಲ್ಲ. ನವಿಲು ತಿಂದ ಬೆಳೆಗೆ ನೆಟ್ಟಗೆ ಪರಿಹಾರ ಕೊಡದೆ, ಅದೇ ಊರಿನ ಅಂಗಡಿಯಲ್ಲಿ ಮಾರಕ ವಿಷವನ್ನು ಉಪ್ಪು ಬೆಲ್ಲದ ಹಾಗೆ ಮಾರಲು ಬಿಟ್ಟವರ ಮೇಲೆ.

ಆ ವಿಷಗಳಲ್ಲಿ ಒಂದು ಮೊನೊಕ್ರೊಟೊಫಾಸ್. 1995–96ರಲ್ಲಿ ಅರ್ಜೆಂಟೀನಾದ ಬಯಲುಗಳಲ್ಲಿ ಮಿಡತೆ ಕೊಲ್ಲಲು ಇದನ್ನು ಸಿಂಪಡಿಸಿದರು. ಆ ಮಿಡತೆ ತಿನ್ನಲು ಉತ್ತರ ಅಮೆರಿಕದಿಂದ ಬಂದಿದ್ದ ಸ್ವೈನ್ಸನ್ ಗಿಡುಗಗಳು ಒಂದೇ ಋತುವಿನಲ್ಲಿ ಸುಮಾರು 20,000 ಸತ್ತವು. ಅಲ್ಲಿ ಏನಾಯಿತು ನೋಡಿ. ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿದ್ದ ಹಕ್ಕಿಗಳ ಜಾಡು ಹಿಡಿದು ಹೋದ ವಿಜ್ಞಾನಿಗಳು ಹೆಣಗಳನ್ನು ಕಂಡರು, ಪರೀಕ್ಷೆಯಲ್ಲಿ ವಿಷದ ಹೆಸರು ಸಿಕ್ಕಿತು, ಸರ್ಕಾರ ಬಳಕೆಗೆ ಕಡಿವಾಣ ಹಾಕಿತು, ಕಂಪನಿ ಮಾಲು ವಾಪಸು ತೆಗೆದುಕೊಂಡಿತು. ಮರುವರ್ಷವೇ ಆ ಪ್ರಮಾಣದ ಸಾವು ನಿಂತಿತು. ಅದೇ ವಿಷ ನಮ್ಮಲ್ಲಿ ಮುಂದೆಯೂ ಮಾರಾಟವಾಗುತ್ತಲೇ ಇತ್ತು. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರ ಬಿಸಿಯೂಟಕ್ಕೆ ಸೇರಿ 23 ಮಕ್ಕಳನ್ನು ಕೊಂದದ್ದು ಅದೇ. 2018ರ ಡಿಸೆಂಬರ್‌ನಲ್ಲಿ ನಮ್ಮ ಚಾಮರಾಜನಗರದ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದಕ್ಕೆ ಬೆರೆಸಿ 17 ಜನರ ಜೀವ ತೆಗೆದದ್ದೂ ಅದೇ. ಗಿಡುಗಗಳ ಹೆಣ ನೋಡಿ ಕಲಿಯದೆ ಇದ್ದುದಕ್ಕೆ ತೆತ್ತ ಬೆಲೆ ಇದು.

ನಮ್ಮ ರಾಜ್ಯದ ಕಡೆ ಬರೋಣ. ಕೊಕ್ಕರೆ ಬೆಳ್ಳೂರಿನವರು ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. 2017ರ ಕೊನೆಯಿಂದ ಅಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಉದುರಿದವು. ಹೊಟ್ಟೆಯಲ್ಲಿ ಜಂತುಹುಳು ಎಂದಿತು ಪರೀಕ್ಷೆ. ತಿಂದ ಮೀನಿನಿಂದ ಬರುವ ಹುಳು ಅದು. ಹಾಗಾದರೆ ಯಾವ ಕೆರೆಯ ಮೀನು, ಆ ಕೆರೆಗೆ ಯಾವ ಊರಿನ ಚರಂಡಿ ಬಿಟ್ಟಿದ್ದಾರೆ? ಬೆಳ್ಳೂರಿನವರಿಗೆ ಇದನ್ನು ತಿಳಿಯುವ ಹಕ್ಕಿದೆ.

2024ರಲ್ಲಿ ಮಾಗಡಿ ಕೆರೆಗೂ, ಅಂಕಸಮುದ್ರಕ್ಕೂ, ಅಘನಾಶಿನಿಗೂ ರಾಮ್ಸಾರ್ ಪಟ್ಟ ಸಿಕ್ಕಿತು. ಸಾಂಭರ್‌ಗೂ ಅದೇ ಪಟ್ಟ ಇತ್ತು. ಹಾಗಾಗಿ ಸರ್ಕಾರವನ್ನು ನೇರವಾಗಿ ಕೇಳುತ್ತೇನೆ. ಈ ಚಳಿಗಾಲ ಮಾಗಡಿ ಕೆರೆಯಲ್ಲಿ ಬೆಳಿಗ್ಗೆ ಇಪ್ಪತ್ತು ಹೆಬ್ಬಾತುಗಳು ಕತ್ತು ಎತ್ತಲಾಗದೆ ಬಿದ್ದರೆ, ಊರಿನವರು ಯಾರ ನಂಬರಿಗೆ ಫೋನ್ ಮಾಡಬೇಕು? ಹೆಣ ಎತ್ತುವವರಿಗೆ ಗ್ಲೌಸು, ದೋಣಿ, ಸುಡುವ ವ್ಯವಸ್ಥೆ ಎಲ್ಲಿದೆ? ಮಾದರಿ ಕಳಿಸಿದ ಮೇಲೆ ಎಷ್ಟು ದಿನದಲ್ಲಿ ಫಲಿತಾಂಶ ಬರಬೇಕು, ಬಂದ ವರದಿಯನ್ನು ಪಂಚಾಯಿತಿ ಕಟ್ಟೆಯ ಮೇಲೆ ಕನ್ನಡದಲ್ಲಿ ಅಂಟಿಸುವ ಹೊಣೆ ಯಾರದ್ದು? ಕೆರೆಯಂಗಳದಲ್ಲಿ ವಿಷ ಸಿಕ್ಕಿದರೆ ಅದನ್ನು ಮಾರಿದ ಅಂಗಡಿಯ ಲೈಸೆನ್ಸು ಯಾವ ಅಧಿಕಾರಿ ರದ್ದು ಮಾಡುತ್ತಾರೆ? ಆ ಅಧಿಕಾರಿಗಳ ಹೆಸರು, ಹುದ್ದೆ, ಫೋನ್ ನಂಬರು ಹಕ್ಕಿಗಳು ಇಳಿಯುವ ನವೆಂಬರ್ ತಿಂಗಳಿಗೆ ಮುಂಚೆಯೇ ಕೆರೆಯ ಏರಿಯ ಮೇಲಿನ ಬೋರ್ಡಿನಲ್ಲಿ ಇರಬೇಕು.