ನಾಲ್ಕು ಗಂಟೆಯ ದಾರಿ ಎನ್ನಬೇಡಿ

ದುಬೈಯಿಂದ ಮಂಗಳೂರಿಗೆ ಎಷ್ಟು ದೂರ ಎಂದು ಉಪ್ಪಳದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ನಾಲ್ಕು ಗಂಟೆ."

ಉಪ್ಪ ತೀರಿಕೊಂಡ ಖಬರ್ ನನಗೆ ಬಂದದ್ದು ಸುಬಹ್ ಹೊತ್ತಿಗೆ. ಅಸರ್‌ಗೆ ದಫನ ಮುಗಿಯಿತು. ನಾನು ಮನೆ ಮುಟ್ಟುವಾಗ ನಡುರಾತ್ರಿ. "ನಾಲ್ಕು ಗಂಟೆಯ ದಾರಿ, ಮನಸ್ಸಿದ್ದರೆ ಬರುತ್ತಿದ್ದ" ಎಂಬ ಮಾತು ಆಗಲೇ ಮನೆಯೊಳಗೆ ಓಡಾಡಿತ್ತು.

ಲೆಕ್ಕ ಹಾಕೋಣ. ನೇರ ದೂರ ಸುಮಾರು 2,450 ಕಿ.ಮೀ. ಹಾರಾಟ ಮೂರೂವರೆಯಿಂದ ನಾಲ್ಕು ಗಂಟೆ, ಸರಿ. ಆದರೆ ಆಫೀಸು ತೆರೆದು ರಜೆಗೆ ಸಹಿ ಬೀಳಬೇಕು. ಆ ದಿನದ ವಿಮಾನದಲ್ಲಿ ಸೀಟು ಸಿಗಬೇಕು. ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಊರಿನ ಗಡಿಯಾರ ಒಂದೂವರೆ ಗಂಟೆ ಮುಂದೆ. ನಾಲ್ಕು ಗಂಟೆ ಹಾರಿದವನು ಇಳಿಯುವಾಗ ಊರಿನ ಗಡಿಯಾರ, ಅವನು ಹೊರಟಾಗಿನ ದುಬೈ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ತೋರಿಸುತ್ತದೆ. ಆಮೇಲೆ ಇಮಿಗ್ರೇಶನ್ ಸಾಲು, ಬಜ್ಪೆಯಿಂದ ತಲಪಾಡಿ ದಾಟಿ ಮನೆವರೆಗಿನ ರಸ್ತೆ.

ಟಿಕೆಟಿನ ಗಂಟೆ ನಿಲ್ದಾಣದಿಂದ ನಿಲ್ದಾಣಕ್ಕೆ. ಮಗ ಬರಬೇಕಾದದ್ದು ರೂಮಿನಿಂದ ಮನೆಗೆ.

ಮಯ್ಯತ್ ಕಾಯಿಸಿ ಎಂದು ನಾನು ಹೇಳುತ್ತಿಲ್ಲ. ದಫನ ಬೇಗ ಆಗಬೇಕು, ಅದರಲ್ಲಿ ತಕರಾರಿಲ್ಲ. ನನ್ನ ಸಿಟ್ಟು ಬೇರೆ: ಉಪ್ಪ ಆಸ್ಪತ್ರೆ ಸೇರಿ ಆರು ದಿನವಾಗಿತ್ತು. "ಅವನಿಗೆ ಯಾಕೆ ಟೆನ್ಶನ್" ಎಂದು ಮನೆಯವರು ಮುಚ್ಚಿಟ್ಟರು. ಆರು ದಿನ ಕಳೆದವರು ನನ್ನ ನಾಲ್ಕು ಗಂಟೆ ಎಣಿಸಿದರು!

ಕಾಯಿಲೆ ಜೋರಾದ ದಿನವೇ ಫೋನ್ ಮಾಡಿ. ಆಮೇಲೂ ಮಗ ಬಾರದಿದ್ದರೆ ಮಾತಾಡಿ.